ನಿಂತ ಗಾಡಿ ಉರುಳುವುದೇಕೆ?

ಕಳೆದ ಮಳೆಗಾಲದ ಒಂದು ಸೋಮವಾರ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಗೆ ವಿದ್ಯಾರ್ಥಿಯೊಬ್ಬನು ಬಲಗೈಯ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬಂದನು. ಏನಾಯಿತೆಂದು ವಿಚಾರಿಸಿದೆವು.

“ಗಾಡಿ ಬಿತ್ರಿ ಸರ.”

“ಎಷ್ಟು ವೇಗವಾಗಿ ಹೋಗುತ್ತಿದ್ದೆ?”

“ಹೋಗ್ತಿರಲಿಲ್ರಿ. ನಿಂತಿತ್ರಿ.”

ಉಳಿದ ಹುಡುಗರು ಗೊಳ್ಳೆಂದು ನಕ್ಕರು. ಆದರೆ ಅದು ನಗುವ ಸಂಗತಿಯಾಗಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಎರಡೇ ವಾರ ಉಳಿದಿತ್ತು. ಆ ಹುಡುಗನಿಗೆ ಪೆನ್ನು ಹಿಡಿಯುವುದೂ ಸಾಧ್ಯವಿರಲಿಲ್ಲ. ನಡೆದದ್ದು ಇಷ್ಟೆ. ಸವಣೂರಿನ ಕಡೆಯ ತಮ್ಮ ಎರೆಹೊಲಕ್ಕೆ ಅವನು ಮೋಟಾರ್ ಸೈಕಲಿನ ಹಿಂದಿನ ಸೀಟಿನ ಮೇಲೆ ಒಂದು ಚೀಲ ಯೂರಿಯಾ ಕಟ್ಟಿಕೊಂಡು ಹೋಗಿದ್ದನು. ಬದುವಿನ ಬಳಿ ಸೈಡ್ ಸ್ಟ್ಯಾಂಡು ಹಾಕಿ, ಹಿಂದೆ ನಿಂತು ಹಗ್ಗ ಬಿಚ್ಚುತ್ತಿದ್ದಾಗ ಗಾಡಿ ಮೆಲ್ಲನೆ ಎಡಕ್ಕೆ ವಾಲಿತು. ಗಾಬರಿಯಿಂದ ಒಂದೇ ಕೈಯಲ್ಲಿ ಹಿಡಿದನು. ಗಾಡಿ ನಿಲ್ಲಲಿಲ್ಲ, ಕೈಯನ್ನೂ ತನ್ನೊಡನೆ ಎಳೆದುಕೊಂಡು ನೆಲಕ್ಕುರುಳಿತು.

ನಮ್ಮ ವಿದ್ಯಾರ್ಥಿಗಳು ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಿಂದ ಬರುವವರು. ಮೋಟಾರ್ ಸೈಕಲು ಅವರ ಮನೆಗಳಲ್ಲಿ ಎತ್ತಿನಷ್ಟೇ ದುಡಿಯುವ ಜೊತೆಗಾರ. ‘ನಿಮ್ಮಲ್ಲಿ ಎಷ್ಟು ಮಂದಿಯ ಕೈಯಲ್ಲಿ ಗಾಡಿ ಉರುಳಿದೆ?’ ಎಂದು ಕೇಳಿದೆವು. ಯಾರೂ ಕೈಯೆತ್ತಲಿಲ್ಲ. ಆಗ ನಾವೇ ಮೊದಲು ಕೈಯೆತ್ತಿದೆವು. ಬಳಿಕ ಒಂದೊಂದಾಗಿ ಕೈಗಳು ಮೇಲೆದ್ದವು. ನಕ್ಕವರ ಕೈಗಳೇ ಅವುಗಳಲ್ಲಿ ಹೆಚ್ಚಾಗಿದ್ದವು. ಆ ದಿನದ ಪ್ರಯೋಗವನ್ನು ಬದಿಗಿಟ್ಟು ಎಲ್ಲರೂ ಕೂಡಿ ಈ ಉರುಳುವಿಕೆಯ ಲೆಕ್ಕವನ್ನೇ ಮಾಡಿದೆವು. ಆ ಲೆಕ್ಕವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಭಾರದ ರೇಖೆ

ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನೋಡಿದವರು ಅಲ್ಲಿಯ ಕಲ್ಲಿನ ಕಂಬಗಳನ್ನು ಮರೆಯಲಾರರು. ಚಾಲುಕ್ಯರ ಕಾಲದ ಶಿಲ್ಪಿಗಳು ನಿಲ್ಲಿಸಿದ ಆ ಕಂಬಗಳು ಇಷ್ಟು ಶತಮಾನಗಳಾದರೂ ಕದಲದೆ ನಿಂತಿವೆ. ಅವುಗಳ ಪಕ್ಕದಲ್ಲಿ ನಾವು ಮೋಟಾರ್ ಸೈಕಲೊಂದನ್ನು ನೆಟ್ಟಗೆ ನಿಲ್ಲಿಸಿ ಕೈಬಿಟ್ಟರೆ ಅದು ಒಂದು ಕ್ಷಣವೂ ನಿಲ್ಲಲಾರದು. ಎರಡೂ ಭಾರವಾದ ವಸ್ತುಗಳೇ, ವ್ಯತ್ಯಾಸವಿರುವುದು ಎಲ್ಲಿ?

ಪ್ರತಿಯೊಂದು ವಸ್ತುವಿನ ಭಾರವೆಲ್ಲ ಒಂದು ಬಿಂದುವಿನಲ್ಲಿ ನೆಲೆಸಿದೆಯೆಂದು ಭಾವಿಸಬಹುದು. ಆ ಬಿಂದುವಿಗೆ ಗುರುತ್ವಕೇಂದ್ರವೆಂದು ಹೆಸರು. ಅಲ್ಲಿಂದ ಕೆಳಕ್ಕೆ ತೂಗುಗುಂಡಿನ ದಾರವನ್ನು ಇಳಿಬಿಟ್ಟಂತೆ ಊಹಿಸಿಕೊಳ್ಳಿರಿ. ಆ ದಾರ ವಸ್ತುವಿನ ಪಾದದೊಳಗೆ ಬಿದ್ದರೆ ವಸ್ತು ನಿಲ್ಲುತ್ತದೆ. ಹೊರಗೆ ಬಿದ್ದರೆ ಉರುಳುತ್ತದೆ. ಕಂಬದ ಪಾದ ಅಗಲವಾದದ್ದು. ಮೋಟಾರ್ ಸೈಕಲಿಗೆ ಪಾದವೆಂದರೆ ಎರಡು ಟೈರುಗಳು ನೆಲವನ್ನು ಮುಟ್ಟುವ ಎರಡು ಸಣ್ಣ ತಾಣಗಳು ಹಾಗೂ ಅವುಗಳ ನಡುವಣ ಪಟ್ಟಿ ಮಾತ್ರ. ಉದ್ದ ಒಂದೂಕಾಲು ಮೀಟರಾದರೂ ಅಗಲ ಕೆಲವೇ ಸೆಂಟಿಮೀಟರು. ಇಷ್ಟು ಕಿರಿದಾದ ಪಾದದ ಮೇಲೆ ಅರ್ಧ ಮೀಟರು ಎತ್ತರದಲ್ಲಿ ಗುರುತ್ವಕೇಂದ್ರವನ್ನು ಹೊತ್ತು ನಿಲ್ಲುವುದೆಂದರೆ ಕತ್ತಿಯಲಗಿನ ಮೇಲೆ ನಿಂತಂತೆಯೇ ಸರಿ. ಇದನ್ನೇ ಭೌತವಿಜ್ಞಾನದಲ್ಲಿ ಅಸ್ಥಿರ ಸಮತೋಲವೆನ್ನುತ್ತಾರೆ.

ಒಂದು ಗೇಣಿನ ಲೆಕ್ಕ

ಗಾಡಿ ವಾಲಿದಾಗ ಅದನ್ನು ಹಿಡಿದು ನಿಲ್ಲಿಸಲು ಎಷ್ಟು ಬಲ ಬೇಕು? ನಮ್ಮ ಕಡೆ ಹೆಚ್ಚಾಗಿ ಬಳಸುವ ಹಗುರ ಮೋಟಾರ್ ಸೈಕಲಿನ ತೂಕ ಸುಮಾರು ೧೧೦ ಕಿಲೋಗ್ರಾಂ. ಅದರ ಗುರುತ್ವಕೇಂದ್ರ ನೆಲದಿಂದ ೫೦ ಸೆಂಟಿಮೀಟರು ಎತ್ತರದಲ್ಲಿದೆಯೆಂದೂ, ನಾವು ಹಿಡಿಯುವ ಹ್ಯಾಂಡಲು ೧೦೦ ಸೆಂಟಿಮೀಟರು ಎತ್ತರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಸುಲಭಕ್ಕಾಗಿ ಟೈರಿನ ಅಗಲವನ್ನು ಲೆಕ್ಕದಿಂದ ಬಿಟ್ಟುಬಿಡೋಣ.

ಗಾಡಿ ನೆಟ್ಟಗಿದ್ದಾಗ ಅದನ್ನು ಎರಡು ಬೆರಳುಗಳಿಂದಲೂ ಹಿಡಿದು ನಿಲ್ಲಿಸಬಹುದು. ೫ ಡಿಗ್ರಿ ವಾಲಿದಾಗ ಹ್ಯಾಂಡಲಿನಲ್ಲಿ ಸುಮಾರು ೫ ಕಿಲೋಗ್ರಾಂ ಭಾರದಷ್ಟು ಬಲ ಬೇಕು. ೧೦ ಡಿಗ್ರಿಗೆ ೯½, ೨೦ ಡಿಗ್ರಿಗೆ ೧೯, ೩೦ ಡಿಗ್ರಿಗೆ ೨೭½, ೪೫ ಡಿಗ್ರಿಗೆ ೩೯ ಕಿಲೋಗ್ರಾಂ. ಇದು ಕೇವಲ ತ್ರಿಕೋನಮಿತಿಯ ಮಾತು: ವಾಲಿದ ಕೋನದ ‘ಸೈನ್’ ಬೆಳೆದಂತೆ ಗಾಡಿಯನ್ನು ಕೆಡವುವ ಭ್ರಾಮಕವೂ ಬೆಳೆಯುತ್ತದೆ. ೧೯೬೧ರಿಂದ ೧೯೯೬ರವರೆಗೆ ಮೈಸೂರಿನಲ್ಲಿ ನಡೆದ ಕಾರ್ಖಾನೆಯ ಯೆಜ್ಡಿ ಗಾಡಿಗಳನ್ನು ಕೆಲವು ಹಿರಿಯರು ಇಂದಿಗೂ ಜೋಪಾನವಾಗಿ ಓಡಿಸುತ್ತಾರೆ. ಅವುಗಳ ತೂಕ ಸುಮಾರು ೧೪೦ ಕಿಲೋಗ್ರಾಂ ಆದ್ದರಿಂದ ಮೇಲಿನ ಅಂಕಿಗಳೆಲ್ಲ ಕಾಲು ಭಾಗಕ್ಕಿಂತ ಹೆಚ್ಚಾಗುತ್ತವೆ.

ಇವು ವಾಲಿ ನಿಂತ ಗಾಡಿಯ ಅಂಕಿಗಳು. ಬೀಳುತ್ತಿರುವ ಗಾಡಿ ನಿಂತಿರುವುದಿಲ್ಲ. ಕ್ಷಣಕ್ಷಣಕ್ಕೂ ಅದರ ವೇಗ ಹೆಚ್ಚುತ್ತಿರುತ್ತದೆ. ೫ ಡಿಗ್ರಿ ವಾಲಿದ ಗಾಡಿಯನ್ನು ಕೈಬಿಟ್ಟರೆ ಸುಮಾರು ಮೂರನೆಯ ಒಂದು ಸೆಕೆಂಡಿನಲ್ಲಿ ಅದು ೧೦ ಡಿಗ್ರಿಗೂ, ಅರ್ಧ ಸೆಕೆಂಡಿನಲ್ಲಿ ೨೦ ಡಿಗ್ರಿಗೂ ತಲುಪುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಐದನೆಯ ಒಂದು ಸೆಕೆಂಡಾದರೂ ಬೇಕು. ಹಗ್ಗ ಬಿಚ್ಚುತ್ತಾ ಅತ್ತ ನೋಡುತ್ತಿದ್ದವನಿಗೆ ಇನ್ನೂ ಹೆಚ್ಚು. ಹೀಗೆ ನಾವು ‘ಅಯ್ಯೋ’ ಎನ್ನುವುದರೊಳಗೆ ಗಾಡಿ ೨೦ ಡಿಗ್ರಿ ದಾಟಿರುತ್ತದೆ. ಆಗ ಅದರ ಭಾರಕ್ಕೆ ೧೯ ಕಿಲೋಗ್ರಾಂ ಬಲ ಬೇಕು; ಅದರ ಓಟವನ್ನು ಒಂದು ಗೇಣಿನೊಳಗೆ ತಡೆಯಲು ಇನ್ನೂ ಸುಮಾರು ೧೫ ಕಿಲೋಗ್ರಾಂ ಬೇಕು. ಅಷ್ಟರಲ್ಲಿ ಕೋನವೂ ಮುಂದುವರಿದಿರುತ್ತದೆ. ಒಂದೇ ಕೈಗೆ, ಅದೂ ತಿರುಚಿದ ಭಂಗಿಯಲ್ಲಿ, ಇದು ಆಗುವ ಕೆಲಸವಲ್ಲ.

ಡಿಗ್ರಿಯನ್ನು ಹೊಲದಲ್ಲಿ ಅಳೆಯುವವರಾರು? ಅದಕ್ಕೆ ಒಂದು ಉಪಾಯವುಂಟು. ಹ್ಯಾಂಡಲು ತನ್ನ ಸ್ಥಾನದಿಂದ ಒಂದು ಗೇಣು ಸರಿದರೆ ಗಾಡಿ ಸುಮಾರು ೧೩ ಡಿಗ್ರಿ ವಾಲಿದೆಯೆಂದೂ, ಒಂದೂವರೆ ಗೇಣು ಸರಿದರೆ ೨೦ ಡಿಗ್ರಿ ಆಯಿತೆಂದೂ ತಿಳಿಯಬಹುದು. ಆದುದರಿಂದ ನಾವು ಹುಡುಗರಿಗೆ ಬರೆಸಿದ ಸೂತ್ರವಿದು: ಒಂದು ಗೇಣಿನೊಳಗೆ ಹಿಡಿ, ಒಂದೂವರೆ ಗೇಣು ದಾಟಿದರೆ ಬಿಡು. ಬಿಡುವುದರಲ್ಲಿ ಅವಮಾನವಿಲ್ಲ. ಬಗ್ಗಿದ ಕ್ಲಚ್ಚಿನ ಹಿಡಿಯನ್ನು ಬದಲಾಯಿಸಬಹುದು, ಮಣಿಕಟ್ಟನ್ನು ಬದಲಾಯಿಸಲಾಗದು.

ಮೂರನೆಯ ಕಾಲು

ಸೈಡ್ ಸ್ಟ್ಯಾಂಡನ್ನು ಇಳಿಸಿದಾಗ ಗಾಡಿಗೆ ಮೂರನೆಯ ಕಾಲು ಬರುತ್ತದೆ. ಪಟ್ಟಿಯಂತಿದ್ದ ಪಾದ ಈಗ ತ್ರಿಕೋನವಾಗುತ್ತದೆ. ಗಾಡಿ ಸುಮಾರು ೧೦ ಡಿಗ್ರಿ ಎಡಕ್ಕೆ ಒರಗಿ, ಅದರ ಭಾರದ ರೇಖೆ ಟೈರುಗಳ ಸಾಲಿನಿಂದ ೮–೯ ಸೆಂಟಿಮೀಟರು ಎಡಕ್ಕೆ ಬೀಳುತ್ತದೆ. ಸ್ಟ್ಯಾಂಡಿನ ತುದಿ ೨೫ ಸೆಂಟಿಮೀಟರು ದೂರದಲ್ಲಿದೆಯೆಂದುಕೊಂಡರೆ ರೇಖೆ ತ್ರಿಕೋನದೊಳಗೆ ಭದ್ರವಾಗಿದೆ.

ಎಡಕ್ಕೆ ಭದ್ರ, ಬಲಕ್ಕೆ? ಒರಗಿದ ಗಾಡಿಯನ್ನು ನೆಟ್ಟಗಾಗಿಸಿ ಆಚೆಗೆ ಕೆಡವಲು ಬೇಕಾದ ಶಕ್ತಿ ಆಶ್ಚರ್ಯವಾಗುವಷ್ಟು ಕಡಿಮೆ: ಸುಮಾರು ೮ ಜೂಲು. ಒಂದು ಕಿಲೋಗ್ರಾಂ ಬೆಲ್ಲದ ಅಚ್ಚನ್ನು ನೆಲದಿಂದ ಮೇಜಿನ ಮೇಲಿಡಲು ಬೇಕಾದಷ್ಟೆ! ಎಮ್ಮೆಯೊಂದು ಮೈ ತುರಿಸಿಕೊಳ್ಳಲು ಎಡಬದಿಯಿಂದ ಒರಗಿದರೂ ಸಾಕು. ಮೇಲಾಗಿ, ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ನಡುವೆ ಉಬ್ಬಿ ಅಂಚುಗಳಿಗೆ ಇಳಿಜಾರಾಗಿರುತ್ತವೆ. ರಸ್ತೆಯ ಬಲ ಅಂಚಿನಲ್ಲಿ ಗಾಡಿ ನಿಲ್ಲಿಸಿದರೆ ನೆಲವೇ ಅದನ್ನು ಬಲಕ್ಕೆ ಎಳೆದು ನೆಟ್ಟಗಾಗಿಸುತ್ತದೆ. ಆಗ ಗಾಳಿಯ ಒಂದು ಹೊಡೆತವೂ ಅಪಾಯವೇ. ಇಳಿಜಾರಿಗೆ ಮುಖಮಾಡಿ ನಿಲ್ಲಿಸುವುದೂ ತಪ್ಪು. ಗಾಡಿ ಮುಂದಕ್ಕುರುಳಿದರೆ ಸ್ಟ್ಯಾಂಡು ತಾನಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಏರಿಗೆ ಮುಖಮಾಡಿ, ಮೊದಲನೆಯ ಗೇರಿನಲ್ಲಿ ಬಿಟ್ಟು, ಹ್ಯಾಂಡಲನ್ನು ಎಡಕ್ಕೆ ತಿರುಗಿಸುವುದೇ ಲೇಸು.

ಈಗ ನಮ್ಮ ವಿದ್ಯಾರ್ಥಿಯ ಎರೆಹೊಲಕ್ಕೆ ಬರೋಣ. ಎರೆಮಣ್ಣಿನ ಸ್ವಭಾವ ರೈತರ ಮಕ್ಕಳಿಗೆ ಗೊತ್ತೇ ಇದೆ. ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂತೆ ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಬೆಣ್ಣೆಯಾಗುತ್ತದೆ. ಇದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು. ಹಾಳೆಗಳಂತೆ ಒಂದರ ಮೇಲೊಂದಿರುವ ಅದರ ಪದರಗಳ ನಡುವೆ ನೀರು ನುಗ್ಗಿ ಅವುಗಳನ್ನು ದೂರ ಸರಿಸುತ್ತದೆ. ಹೀಗೆ ಉಬ್ಬಿದ ಮಣ್ಣಿಗೆ ಭಾರ ಹೊರುವ ಶಕ್ತಿ ಉಳಿಯುವುದಿಲ್ಲ.

ಬರಿಯ ಗಾಡಿ ಸ್ಟ್ಯಾಂಡಿನ ಮೇಲೆ ಹಾಕುವ ಭಾರ ಸುಮಾರು ೩೮ ಕಿಲೋಗ್ರಾಂ. ಸ್ಟ್ಯಾಂಡಿನ ಪಾದ ೧೨ ಚದರ ಸೆಂಟಿಮೀಟರಾದರೆ ಒತ್ತಡ ಚದರ ಸೆಂಟಿಮೀಟರಿಗೆ ೩ ಕಿಲೋಗ್ರಾಂಗಿಂತ ಹೆಚ್ಚು. ಇದರ ಮೇಲೆ ೪೫ ಕಿಲೋಗ್ರಾಂ ಯೂರಿಯಾ ಚೀಲವನ್ನು ಹೇರಿರಿ. ಚೀಲ ನೆಲದಿಂದ ೯೦ ಸೆಂಟಿಮೀಟರು ಎತ್ತರದಲ್ಲಿರುವುದರಿಂದ ಒಟ್ಟು ಗುರುತ್ವಕೇಂದ್ರ ೫೦ರಿಂದ ೬೨ ಸೆಂಟಿಮೀಟರಿಗೆ ಏರುತ್ತದೆ. ಸ್ಟ್ಯಾಂಡಿನ ಮೇಲಿನ ಭಾರ ೬೬ ಕಿಲೋಗ್ರಾಂ ಆಗುತ್ತದೆ. ಮಣ್ಣು ಎರಡು ಸೆಂಟಿಮೀಟರು ಕುಸಿಯಿತೆನ್ನಿ. ಗಾಡಿ ಇನ್ನೂ ನಾಲ್ಕೂವರೆ ಡಿಗ್ರಿ ಎಡಕ್ಕೆ ವಾಲುತ್ತದೆ, ಸ್ಟ್ಯಾಂಡಿನ ಮೇಲಿನ ಭಾರ ಸುಮಾರು ೯೫ ಕಿಲೋಗ್ರಾಂಗೆ ಹಾರುತ್ತದೆ. ಭಾರ ಹೆಚ್ಚಿದಂತೆ ಕುಸಿತ, ಕುಸಿದಂತೆ ಮತ್ತೂ ಭಾರ! ಸಾಲಕ್ಕೆ ಬಡ್ಡಿ, ಬಡ್ಡಿಗೆ ಸಾಲ ಎಂಬಂತೆ ಇದು ಒಮ್ಮೆ ಮೊದಲಾದರೆ ತಾನಾಗಿ ನಿಲ್ಲುವುದಿಲ್ಲ. ವಾಲು ಸುಮಾರು ೨೪ ಡಿಗ್ರಿಗೆ ಬಂದಾಗ ಭಾರದ ರೇಖೆ ಸ್ಟ್ಯಾಂಡಿನ ತುದಿಯನ್ನೇ ದಾಟಿಬಿಡುತ್ತದೆ. ಗಾಡಿ ‘ಮೆಲ್ಲನೆ’ ವಾಲತೊಡಗಿ ಕೊನೆಗೆ ‘ಧೊಪ್ಪನೆ’ ಬಿದ್ದದ್ದರ ರಹಸ್ಯ ಇದೇ.

ಪಾದವೇ ಸಡಿಲಿದರೆ ಎಂಥ ದೈತ್ಯನೂ ನಿಲ್ಲಲಾರನು. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಆಫ್ರಿಕ ಮೂಲದ ಮಹಾವೃಕ್ಷಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಅವುಗಳಲ್ಲೊಂದು ೨೦೨೩ರ ಮಳೆಗಾಲದಲ್ಲಿ ಬುಡಸಹಿತ ಉರುಳಿತು. ಬಳಿಕ ಯಂತ್ರಗಳ ಸಹಾಯದಿಂದ ಅದನ್ನು ಮತ್ತೆ ನಿಲ್ಲಿಸಿದರು.

ಗಾಡಿಗೆ ಪರಿಹಾರ ಇದಕ್ಕಿಂತ ಬಹಳ ಸುಲಭ. ಸ್ಟ್ಯಾಂಡಿನ ಕೆಳಗೆ ಅಂಗೈಯಗಲದ ಚಪ್ಪಟೆ ಕಲ್ಲನ್ನೋ ಹಲಗೆಯ ತುಂಡನ್ನೋ ಇಡಿರಿ. ಪಾದ ೧೨ರಿಂದ ೧೨೦ ಚದರ ಸೆಂಟಿಮೀಟರಿಗೆ ಹಿಗ್ಗಿದರೆ ಒತ್ತಡ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗಟ್ಟಿಯಾದ ಸಮನೆಲವಿದ್ದಲ್ಲಿ, ಹೇರು ಇಳಿಸುವ ಮೊದಲು ಡಬಲ್ ಸ್ಟ್ಯಾಂಡು ಹಾಕುವುದು ಇನ್ನೂ ಉತ್ತಮ.

ಓಡುವ ಗಾಡಿಯ ಗುಟ್ಟು

ನಿಂತ ಗಾಡಿ ಬೀಳುತ್ತದೆ, ಓಡುವ ಗಾಡಿ ಬೀಳುವುದಿಲ್ಲ, ಇದೇಕೆ? ಹುಡುಗರು ಅಂಗೈಯ ಮೇಲೆ ಕೋಲು ನಿಲ್ಲಿಸುವ ಆಟವನ್ನು ನೆನೆಯಿರಿ. ಕೋಲು ಎತ್ತ ವಾಲುವುದೋ ಅತ್ತಲೇ ಅಂಗೈಯನ್ನು ಸರಿಸಿ ಅದರ ಬುಡವನ್ನು ಭಾರದ ಕೆಳಕ್ಕೆ ತರುತ್ತೇವೆ. ಸವಾರನೂ ಅರಿವಿಲ್ಲದೆ ಇದನ್ನೇ ಮಾಡುತ್ತಾನೆ. ಗಾಡಿ ಎಡಕ್ಕೆ ವಾಲಿದರೆ ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತಾನೆ. ಚಕ್ರಗಳು ಎಡಕ್ಕೆ ಓಡಿ ಭಾರದ ಕೆಳಗೆ ಬಂದು ನಿಲ್ಲುತ್ತವೆ.

ತಿರುಗುವ ಚಕ್ರದ ಬುಗುರಿಯ ಗುಣವೇ ಗಾಡಿಯನ್ನು ನಿಲ್ಲಿಸುತ್ತದೆಂದು ಬಹುಕಾಲ ನಂಬಿದ್ದವರುಂಟು. ೧೯೭೦ರಲ್ಲಿ ಡೇವಿಡ್ ಜೋನ್ಸ್ ಎಂಬವರು ಸೈಕಲ್ಲಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಇನ್ನೊಂದು ಚಕ್ರವನ್ನು ಜೋಡಿಸಿ ಆ ಗುಣವನ್ನು ಅಳಿಸಿಹಾಕಿದರು. ಆದರೂ ಆ ಸೈಕಲ್ಲನ್ನು ಸವಾರಿ ಮಾಡಲು ಬಂದಿತು. ೨೦೧೧ರಲ್ಲಿ ಹಾಲೆಂಡಿನ ಡೆಲ್ಫ್ಟ್ ಹಾಗೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು, ಬುಗುರಿಯ ಗುಣವನ್ನೂ, ಮುಂದಿನ ಚಕ್ರ ಹಿಂದೆ ಎಳೆದುಕೊಂಡು ಬರುವ ಗುಣವನ್ನೂ ತೊಡೆದುಹಾಕಿದ ಸೈಕಲ್ಲೊಂದನ್ನು ಕಟ್ಟಿದರು. ಸವಾರನಿಲ್ಲದೆಯೂ ಅದು ಬೀಳದೆ ಓಡಿತು. ವಾಲಿದ ಕಡೆಗೆ ತಿರುಗಿಕೊಳ್ಳುವುದೇ ಮುಖ್ಯವೆಂದೂ, ಅದಕ್ಕೆ ಒಂದಲ್ಲ ಹಲವು ಕಾರಣಗಳಿರಬಹುದೆಂದೂ ಇದರಿಂದ ಸ್ಪಷ್ಟವಾಯಿತು.

ಆದರೆ ಈ ಉಪಾಯ ಫಲಿಸಲು ವೇಗ ಬೇಕು. ೫ ಡಿಗ್ರಿ ವಾಲಿದ ಗಾಡಿಯನ್ನು ಸರಿದೂಗಿಸಲು ಗಂಟೆಗೆ ೨೦ ಕಿಲೋಮೀಟರು ವೇಗದಲ್ಲಿ ೩೬ ಮೀಟರು ತ್ರಿಜ್ಯದ ವೃತ್ತದಲ್ಲಿ ತಿರುಗಿದರೆ ಸಾಕು. ಹ್ಯಾಂಡಲು ಕದಲಿದ್ದೇ ತಿಳಿಯದು. ೫ ಕಿಲೋಮೀಟರು ವೇಗದಲ್ಲಿ ತ್ರಿಜ್ಯ ಎರಡೂಕಾಲು ಮೀಟರಿಗೆ ಇಳಿಯುತ್ತದೆ. ಹ್ಯಾಂಡಲನ್ನು ಹೆಚ್ಚುಕಡಿಮೆ ಕೊನೆಯವರೆಗೆ ತಿರುಗಿಸಬೇಕು. ೩ ಕಿಲೋಮೀಟರಿಗೆ ಬೇಕಾದ ತ್ರಿಜ್ಯ ೮೦ ಸೆಂಟಿಮೀಟರು. ಅಷ್ಟು ಕಿರಿದಾಗಿ ಯಾವ ಮೋಟಾರ್ ಸೈಕಲೂ ತಿರುಗಲಾರದು. ಆಗ ಉಳಿಯುವ ಆಸರೆ ಕಾಲು ಮಾತ್ರ.

ಶಿಗ್ಗಾವಿಯ ಕಡೆಯ ವಿದ್ಯಾರ್ಥಿಯೊಬ್ಬನು ತಾನು ಬಿದ್ದ ಬಗೆಯನ್ನು ಆಗ ಹೇಳಿದನು. ಹೆದ್ದಾರಿಯ ಬದಿಯ ರಸ್ತೆಯಿಂದ ಹಿಂದಿರುಗಿ ಬರಲೆಂದು ನಡಿಗೆಯ ವೇಗದಲ್ಲಿ ಬಲಕ್ಕೆ ತಿರುಗುತ್ತಿದ್ದನು. ಎದುರಿಗೆ ಲಾರಿ ಕಂಡು ಮುಂದಿನ ಬ್ರೇಕು ಒತ್ತಿದನು. ಹ್ಯಾಂಡಲು ತಿರುಗಿದ್ದಾಗಲೇ ಗಾಡಿ ನಿಂತಿತು. ಬಲಗಾಲನ್ನು ಚಾಚಿದರೆ ಅಲ್ಲಿ ರಸ್ತೆಯ ಅಂಚಿನ ತಗ್ಗು. ನೆಲ ಒಂದು ಗೇಣು ಕೆಳಗಿತ್ತು. ಕಾಲು ನೆಲ ಸೇರುವುದರೊಳಗೆ ಗಾಡಿ ‘ಬಿಡು’ ಎನ್ನುವ ಕೋನವನ್ನು ಮುಟ್ಟಿತ್ತು! ನಿಧಾನವಾಗಿ ತಿರುಗುವಾಗ ಮುಂದಿನ ಬ್ರೇಕಿನ ಬದಲು ಹಿಂದಿನದನ್ನು ಮೃದುವಾಗಿ ಬಳಸುವುದು, ನಿಲ್ಲುವ ಮೊದಲು ಹ್ಯಾಂಡಲನ್ನು ನೆಟ್ಟಗೆ ಮಾಡುವುದು, ಎತ್ತರದ ನೆಲವಿರುವ ಕಡೆ ಕಾಲೂರುವುದು — ಈ ಮೂರನ್ನು ಅಭ್ಯಾಸ ಮಾಡಿಕೊಂಡರೆ ಇಂಥ ಪತನಗಳಲ್ಲಿ ಬಹುಪಾಲು ತಪ್ಪುತ್ತವೆ.

ಇನ್ನೊಂದು ಸಂಗತಿ. ಚಕ್ರಗಳು ಪಕ್ಕಕ್ಕೆ ಸರಿದು ಭಾರದ ಕೆಳಗೆ ಬರಬೇಕಾದರೆ ಟೈರಿಗೂ ನೆಲಕ್ಕೂ ನಡುವೆ ಘರ್ಷಣೆ ಇರಬೇಕಷ್ಟೆ. ಸುಗ್ಗಿಯಲ್ಲಿ ಹಿರೇಕೆರೂರಿನ ಕಡೆಗೆ ಹೋದರೆ ಡಾಂಬರು ರಸ್ತೆಯ ಮೇಲೆ ಗೋವಿನಜೋಳವನ್ನು ಹರಡಿ ಒಣಗಿಸುವುದನ್ನು ಕಾಣಬಹುದು. ಒಣಗಿದ ಕಾಳುಗಳು ಟೈರಿನಡಿಯಲ್ಲಿ ಗುಂಡುಗಳಂತೆ ಉರುಳುತ್ತವೆ. ಘರ್ಷಣೆ ಹೋದರೆ ಸಮತೋಲವೂ ಹೋಯಿತು. ಕಣವಿಲ್ಲದ ರೈತರ ಕಷ್ಟ ನಮಗೆ ತಿಳಿಯದುದಲ್ಲ. ಆದರೆ ಆ ರಸ್ತೆಯಲ್ಲಿ ರಾತ್ರಿ ಮನೆಗೆ ಮರಳುವವರು ಅವರ ಮಕ್ಕಳೇ ಆಗಿರುತ್ತಾರೆ. ಕಾಳು ಕಂಡಲ್ಲಿ ದೂರದಿಂದಲೇ ವೇಗ ತಗ್ಗಿಸಿ, ತಿರುಗದೆ, ಬ್ರೇಕು ಒತ್ತದೆ, ನೆಟ್ಟಗೆ ದಾಟುವುದೊಂದೇ ದಾರಿ.

ಬಿದ್ದುದನ್ನು ಎತ್ತುವುದು

ಗಾಡಿ ಬಿದ್ದಿತೆನ್ನಿ. ನಾಚಿಕೆಯಿಂದ ಅವಸರವಾಗಿ ಎತ್ತಹೋಗುವುದು ಎರಡನೆಯ ಅಪಾಯ. ಮೊದಲು ಎಂಜಿನನ್ನು ನಿಲ್ಲಿಸಬೇಕು. ವಾಲಿದಾಗ ತಾನಾಗಿ ಎಂಜಿನ್ ನಿಲ್ಲಿಸುವ ಸಾಧನ ಕೆಲವು ಹೊಸ ಗಾಡಿಗಳಲ್ಲಿದೆ, ಎಲ್ಲದರಲ್ಲಿಯೂ ಇಲ್ಲ. ಪೆಟ್ರೋಲು ಸೋರುತ್ತಿರಬಹುದಾದ್ದರಿಂದ ಬೀಡಿ, ಬೆಂಕಿ ಹತ್ತಿರ ಸುಳಿಯಕೂಡದು. ಸೈಲೆನ್ಸರ್ ಸುಡುತ್ತಿರುತ್ತದೆಂಬುದನ್ನೂ ಮರೆಯಬಾರದು. ಹೇರು ಇದ್ದರೆ ಬಿಚ್ಚಿ ಬದಿಗಿಡಬೇಕು.

ನೆಲದ ಮೇಲಿನ ಗಾಡಿ ಲಂಬದಿಂದ ಸುಮಾರು ೬೫ ಡಿಗ್ರಿ ವಾಲಿರುತ್ತದೆ. ಹ್ಯಾಂಡಲನ್ನು ಹಿಡಿದು ಎತ್ತಲು ಮೊದಲು ೫೦ ಕಿಲೋಗ್ರಾಂನಷ್ಟು ಬಲ ಬೇಕು. ಅದನ್ನು ಬಗ್ಗಿ, ಕೈಚಾಚಿ ಎತ್ತಿದರೆ ಬೆನ್ನಿಗೆ ಆಗುವುದೇನು? ಸೊಂಟದ ಬೆನ್ನೆಲುಬನ್ನು ಸನ್ನೆಯ ಆನಿಕೆಯೆಂದು ತಿಳಿಯಿರಿ. ಭಾರ ೪೦ ಸೆಂಟಿಮೀಟರು ಮುಂದಿದೆ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯು ಕೇವಲ ೫ ಸೆಂಟಿಮೀಟರು ಹಿಂದಿದೆ. ಎಂಟರಷ್ಟು ಬಲ, ಅಂದರೆ ೪೦೦ ಕಿಲೋಗ್ರಾಂ, ಸ್ನಾಯುವಿನ ಮೇಲೆ ಬೀಳುತ್ತದೆ. ನಾಲ್ಕು ಕ್ವಿಂಟಲ್!

ಇದಕ್ಕೆ ಬದಲು, ಹ್ಯಾಂಡಲನ್ನು ಗಾಡಿ ಬಿದ್ದ ಕಡೆಗೇ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನುಮಾಡಿ ಕುಕ್ಕರಿಸಬೇಕು. ಒಂದು ಕೈ ಕೆಳಗಿನ ಹ್ಯಾಂಡಲಿನ ಹಿಡಿಯಲ್ಲಿ, ಇನ್ನೊಂದು ಸೀಟಿನಡಿಯ ಗಟ್ಟಿ ಕಂಬಿಯಲ್ಲಿ ಇರಲಿ. ಬೆನ್ನನ್ನು ನೆಟ್ಟಗಿಟ್ಟು, ಸಣ್ಣ ಹೆಜ್ಜೆಗಳಿಂದ ಹಿಂದಕ್ಕೆ ನಡೆಯುತ್ತಾ ತೊಡೆಯ ಬಲದಿಂದಲೇ ಗಾಡಿಯನ್ನು ತಳ್ಳಬೇಕು. ಈಗ ಭಾರ ದೇಹಕ್ಕೆ ಅಂಟಿಕೊಂಡಿದೆ. ಸನ್ನೆಯ ಉದ್ದನೆಯ ತೋಳು ಇಲ್ಲವಾಗಿದೆ. ಗಾಡಿ ಮೇಲೆದ್ದಂತೆ ಬೇಕಾದ ಬಲವೂ ಕಡಿಮೆಯಾಗುತ್ತಾ ಬರುತ್ತದೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡನ್ನು ಇಳಿಸಿಡಿರಿ. ಇಲ್ಲವಾದರೆ ಎತ್ತಿದ ಗಾಡಿ ಇನ್ನೊಂದು ಬದಿಗೆ ಬಿದ್ದೀತು. ಹತ್ತಿರ ಇನ್ನೊಬ್ಬರಿದ್ದರೆ ಕರೆಯುವುದೇ ಎಲ್ಲಕ್ಕಿಂತ ಮೇಲು.

ವಾಚಕರು ಈ ಲೆಕ್ಕವನ್ನು ತಾವೇ ಪರೀಕ್ಷಿಸಬಹುದು. ಇನ್ನೂ ೧೮ ವರ್ಷ ತುಂಬದವರಿಗೆ ಮನೆಯ ಸೈಕಲ್ಲೇ ಸಾಕು. ಅದರ ಹ್ಯಾಂಡಲಿಗೆ ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ, ಸೈಕಲ್ಲನ್ನು ಅರ್ಧ ಗೇಣು, ಒಂದು ಗೇಣು, ಎರಡು ಗೇಣು ವಾಲಿಸಿ ಅಳೆಯಿರಿ. ಬಳಿಕ ಕ್ಯಾರಿಯರಿನ ಮೇಲೆ ಪುಸ್ತಕದ ಚೀಲವನ್ನಿಟ್ಟು ಮತ್ತೆ ಅಳೆಯಿರಿ.

ಆ ಹುಡುಗನ ಕೈ ಗುಣವಾಯಿತು. ಪರೀಕ್ಷೆಯನ್ನು ತಡವಾಗಿಯಾದರೂ ಬರೆದನು. ಈಗ ಅವನ ಗಾಡಿಯ ಸೀಟಿನ ಪಕ್ಕದಲ್ಲಿ ಅಂಗೈಯಗಲದ ಹಲಗೆಯ ತುಂಡೊಂದು ದಾರದಲ್ಲಿ ತೂಗಾಡುತ್ತಿರುತ್ತದೆ. ಮೊನ್ನೆ ಕಾಲೇಜಿನ ಅಂಗಳದಲ್ಲಿ ಯಾರೋ ಅದೇನೆಂದು ಕೇಳಿದರು. ಅವನು ಹೇಳಿದನು: “ಗಾಡಿಯ ಚಪ್ಪಲಿರಿ.”